ಎಸ್ಟೇಟ್ ಬಂಗಲೆ ಹಿಂದೆ ಅಗೆದಾಗ ಸಿಕ್ಕ ಇಂಕ್ ಬಾಟ್ಲಿಗಳು: ಎಷ್ಟು ಹಳೇದು, ಬೆಲೆ ಏನಾದ್ರೂ ಇದ್ಯಾ?

ಮಲ್ನಾಡ್_ಹೈದ

ಎಲ್ರಿಗೂ ನಮಸ್ಕಾರ. ಹಳೇ ಸಾಮಾನಿನ ಬಗ್ಗೆ ಗೊತ್ತಿರೋರು ಸ್ವಲ್ಪ ಹೇಳಿ. ನಮ್ದು ಸಕಲೇಶಪುರದ ಕಡೆ ಕಾಫಿ ತೋಟ, ಸ್ವಾತಂತ್ರ್ಯ ಬಂದ ಮೇಲೆ ಊರಿಗೆ ವಾಪಸ್ ಹೊರಟಿದ್ದ ಒಬ್ಬ ಬಿಳಿ ದೊರೆ ಕೈಯಿಂದ ತಾತ ಕೊಂಡಿದ್ದು. ಹಳೇ ಬಂಗಲೆ ಹಿಂದೆ ಇಳಿಜಾರಲ್ಲಿ ಗೊಬ್ಬರದ ಗುಂಡಿಗೆ ಅಂತ ಜೇಸಿಬಿ ತರ್ಸಿ ಅಗೆಸ್ತಿದ್ವಿ, ಮೊಣಕಾಲುದ್ದ ಹೋಗೋಷ್ಟ್ರಲ್ಲಿ ಕಪ್ಪು ಮಣ್ಣು, ಬೂದಿ, ಇದ್ದಿಲು, ನೀಲಿ ಹೂವಿನ ಪಿಂಗಾಣಿ ಚೂರು, ಅದ್ರ ಜೊತೆ ಬಾಟ್ಲಿ ಮೇಲೆ ಬಾಟ್ಲಿ. ಒಡೆದಿದ್ದೇ ಜಾಸ್ತಿ, ಪೂರ್ತಿ ಸಿಕ್ಕಿದ್ದು ಐದು, ಫೋಟೋ ಹಾಕಿದೀನಿ.

ದೊಡ್ಡದು ಉಪ್ಪಿನಕಾಯಿ ಜಾಡಿ ಮಣ್ಣಿನ ಥರದ್ದು, ಕಂದು ಬಣ್ಣ, ಒಂದು ಗೇಣು ಎತ್ತರ, ಬಾಯಲ್ಲಿ ಸುರಿಯೋಕೆ ಮೂತಿ ಇದೆ. ಬುಡದ ಹತ್ರ ಒತ್ತಿರೋ ಅಕ್ಷರ: ವಿಟ್ರಿಯಸ್ ಸ್ಟೋನ್ ಬಾಟಲ್ಸ್, ಜೆ. ಬೋರ್ನ್ ಅಂಡ್ ಸನ್, ಪೇಟೆಂಟೀಸ್, ಡೆನ್ಬಿ ಪಾಟರಿ, ನಿಯರ್ ಡರ್ಬಿ, ಕೆಳಗೆ ಪಿ. ಅಂಡ್ ಜೆ. ಆರ್ನಾಲ್ಡ್, ಲಂಡನ್. ಎರಡು ಪುಟಾಣಿ ಗಾಜಿನವು, ತಿಳಿ ನೀಲಿಹಸಿರು, ಎಂಟು ಮೂಲೆ, ಬಾಯಿ ಮಾತ್ರ ಮುರಿದಂಗಿದೆ. ಇನ್ನೊಂದು ಕಡು ನೀಲಿ, ಆರು ಮೂಲೆ, ಮೈಮೇಲೆಲ್ಲ ಉಬ್ಬು ಗೆರೆ, ನೋಡೋಕೆ ಇದೇ ಚೆನ್ನಾಗಿರೋದು. ಕೊನೇದು ಸ್ಕ್ರೂ ಮುಚ್ಚಳದ್ದು, ಬುಡದಲ್ಲಿ ಕ್ವಿಂಕ್ ಅಂತ ಇದೆ.

ಪಕ್ಕದ ತೋಟದೋರು ಬಂದು ನೋಡಿ ಇದು ಈಸ್ಟ್ ಇಂಡಿಯಾ ಕಂಪನಿ ಕಾಲದ್ದು ಲಕ್ಷಕ್ಕೆ ಹೋಗುತ್ತೆ ಅಂದ್ರು. ಆನ್‌ಲೈನಲ್ಲಿ ಇದೇ ಕಂದು ಬಾಟ್ಲಿಗೆ ಒಬ್ಬ 18,000 ಹಾಕಿದಾನೆ. ನಿಜಾನಾ?

ಗುಜರಿ_ಗುಂಡಣ್ಣ

ಮೊದ್ಲು ಆ ಜೇಸಿಬಿ ನಿಲ್ಸಿ ಮಾರಾಯ್ರೆ, ಮಿಕ್ಕಿದ್ದೆಲ್ಲ ಆಮೇಲೆ! ನಿಮಗೆ ಸಿಕ್ಕಿರೋದು ಬಂಗಲೆ ಕಸದ ಗುಂಡಿ. ಅಡುಗೆಮನೆ ಬೂದಿ, ಒಡೆದ ತಟ್ಟೆ, ಖಾಲಿ ಬಾಟ್ಲಿ ಎಲ್ಲ ಒಂದೇ ಕಡೆ ಸುರೀತಿದ್ರು, ಬೂದಿ ಬಿದ್ದಷ್ಟೂ ಗಾಜಿಗೆ ಮೆತ್ತೆ ಸಿಕ್ಕಂಗೆ, ಅದಕ್ಕೇ ಐದಾದ್ರೂ ಉಳ್ದಿರೋದು.

ಈಗ ಕಂದು ಬಾಟ್ಲಿ. ಸ್ಟ್ಯಾಂಪಲ್ಲಿ ಎರಡು ಹೆಸರಿದೆ ನೋಡಿ. ಬೋರ್ನ್ ಅನ್ನೋನು ಬಾಟ್ಲಿ ಮಾಡಿದ ಕುಂಬಾರಿಕೆಯವನು, ಆರ್ನಾಲ್ಡ್ ಅನ್ನೋದು ಇಂಕ್ ಕಂಪನಿ. ಇದು ಬಲ್ಕ್ ಇಂಕ್ ಬಾಟ್ಲಿ, ಅಂದ್ರೆ ಆಫೀಸಿಗೆ ದೊಡ್ಡದಾಗಿ ತರ್ಸೋದು, ಇದ್ರಿಂದ ಮೇಜಿನ ಮೇಲಿರೋ ಸಣ್ಣ ದೌತಿಗೆ ಸುರ್ಕೊಳೋದು, ಆ ಮೂತಿ ಇರೋದು ಅದಕ್ಕೇ. ನಿಮ್ಮ ತೋಟದಲ್ಲಿ ಆಗ ರೈಟರ್, ಅಂದ್ರೆ ಗುಮಾಸ್ತ, ಕೂತು ಚೆಕ್‌ರೋಲ್ (ಆಳುಗಳ ಹಾಜರಿ ಲೆಕ್ಕ) ಬರೀತಿದ್ದ ಆಫೀಸು ಬಂಗಲೆ ಪಕ್ಕದಲ್ಲೇ ಇತ್ತು ಅಂತ ಕಾಣುತ್ತೆ, ಮನೇಲಿ ಒಂದೋ ಎರಡೋ ಕಾಗದ ಬರೆಯೋರು ಇಷ್ಟು ದೊಡ್ಡ ಬಾಟ್ಲಿ ತರ್ಸಲ್ಲ.

ಈಸ್ಟ್ ಇಂಡಿಯಾ ಕಂಪನಿ ಕಥೆ ಬಿಟ್ಬಿಡಿ. ಕಂಪನಿ ಆಳ್ವಿಕೆ 1858ಕ್ಕೇ ಮುಗೀತು. ಬೋರ್ನ್ ಹೆಸರಿಗೆ ‘ಅಂಡ್ ಸನ್’ ಸೇರಿದ್ದು 1850ರ ಆಸುಪಾಸು, ಆಮೇಲೆ ದಶಕಗಟ್ಟಲೆ ಅದೇ ಹೆಸರು ಒತ್ತಿದಾರೆ. ಹಂಗಾಗಿ ಸ್ಟ್ಯಾಂಪ್ ಹೇಳೋದು ‘ಇದಕ್ಕಿಂತ ಹಳೇದಲ್ಲ’ ಅಂತ ಅಷ್ಟೇ. ನಮ್ಮ ಕಡೆ ಮಂಗಳೂರು ಹಂಚಿನ ಮೇಲೆ 1865 ಅಂತ ಇದ್ರೆ ಮನೆ ಕಟ್ಟಿದ್ದೇ 1865ರಲ್ಲಿ ಅಂತ ಮೀಸೆ ತಿರುವೋರು ಇದಾರಲ್ಲ, ಅದು ಬಾಸೆಲ್ ಮಿಷನ್‌ನೋರು ಕಾರ್ಖಾನೆ ಶುರು ಮಾಡಿದ ವರ್ಷ, ಆ ಹಂಚು ಸುಟ್ಟ ವರ್ಷ ಅಲ್ಲ. ಇಲ್ಲೂ ಅದೇ ಲೆಕ್ಕ.

ಒಂದು ಕೆಲ್ಸ ಮಾಡಿ. ಸ್ಟ್ಯಾಂಪಲ್ಲಿ ‘ಇಂಗ್ಲೆಂಡ್’ ಅನ್ನೋ ಪದ ಇದ್ಯಾ ನೋಡಿ. 1891ರಿಂದ ಅಮೆರಿಕಕ್ಕೆ ಹೋಗೋ ಮಾಲಿನ ಮೇಲೆ ದೇಶದ ಹೆಸರು ಹಾಕ್ಲೇಬೇಕು ಅಂತ ಕಾನೂನು ಬಂತು, ಆಮೇಲೆ ಇಂಗ್ಲಿಷ್ ಕುಂಬಾರಿಕೆಯೋರು ಬೇರೆ ದೇಶಕ್ಕೆ ಕಳ್ಸೋದ್ರ ಮೇಲೂ ಹಾಕೋದು ರೂಢಿ ಆಯ್ತು. ಇಲ್ದಿದ್ರೆ ಅದಕ್ಕೂ ಮುಂಚಿನದು ಇರ್‍ಬಹುದು, ಖಾತ್ರಿ ಏನಲ್ಲ.

ಗಾಜಿನವುಗಳ ಬಾಯಿ, ಅಂಚು, ಬುಡದ ಫೋಟೋ ಹತ್ರದಿಂದ ತೆಗ್ದು ಹಾಕಿ. ಗೋಲಿ ಸೋಡಾ ಬಾಟ್ಲಿ ಸಿಕ್ಲಿಲ್ವಾ?

ಮಲ್ನಾಡ್_ಹೈದ

ಜೇಸಿಬಿ ಕಳ್ಸಿದೆ ಅಣ್ಣ. ಇಂಗ್ಲೆಂಡ್ ಅಂತ ಎಲ್ಲೂ ಇಲ್ಲ. ಗೋಲಿ ಬಾಟ್ಲಿದು ಕತ್ತು ಮಾತ್ರ ಎರಡು ಮೂರು ಸಿಕ್ತು, ಗೋಲಿ ಇಲ್ಲ.

ಗುಜರಿ_ಗುಂಡಣ್ಣ

ಗೋಲಿ ಎಲ್ಲಿರುತ್ತೆ, ಮಕ್ಳು ಒಡೆದು ತಗೊಂಡಿರ್‍ತಾರೆ. ಲಂಡನ್ನಲ್ಲೂ ಅದೇ ಕಥೆ, ಇಲ್ಲೂ ಅದೇ. ಗೋಲಿ ಬಾಟ್ಲಿ ಪೇಟೆಂಟ್ ಆಗಿದ್ದು 1872ರಲ್ಲಿ, ಹಂಗಾಗಿ ಆ ಚೂರು ಬಿದ್ದ ಪದರ ಅದಾದ ಮೇಲಿಂದು. ಚೂರುಗಳನ್ನ ಬಿಸಾಡಬೇಡಿ, ಪೂರ್ತಿ ಬಾಟ್ಲಿಗಿಂತ ಅವೇ ಎಷ್ಟೋ ಸಲ ಕಾಲ ಹೇಳ್ತವೆ.

ಡರ್ಬಿ_ಕನ್ನಡಿಗ

ಅಯ್ಯೋ, ನಮ್ಮೂರಿನ ಬಾಟ್ಲಿ ಸಕಲೇಶಪುರದಲ್ಲಿ! ಡೆನ್ಬಿ ಇಲ್ಲಿ ಇಂಗ್ಲೆಂಡಲ್ಲಿ ನಾನಿರೋ ಜಾಗದಿಂದ ಬಸ್ಸಲ್ಲಿ ಹೋಗಿ ಬರೋ ದೂರ. 1806ರಲ್ಲಿ ಡರ್ಬಿಯಿಂದ ಆಲ್ಫ್ರೆಟನ್‌ಗೆ ರಸ್ತೆ ಮಾಡೋವಾಗ ಅಗೆದ್ರೆ ಒಳ್ಳೇ ಜೇಡಿ ಸಿಕ್ತು, 1809ರಲ್ಲಿ ಕುಂಬಾರಿಕೆ ಶುರು ಆಯ್ತು. ಈಗ ಊಟದ ತಟ್ಟೆ, ಕಪ್ಪು ಮಾಡ್ತಾರೆ, ಆಗ ಮುಖ್ಯ ವ್ಯಾಪಾರ ಈ ಬಾಟ್ಲಿಗಳೇ. ಕಬ್ಬಿಣ ಸೇರಿದ ಹಳೇ ಇಂಕು ಆಮ್ಲದ ಗುಣದ್ದು, ಲೋಹ ತಿಂದುಹಾಕುತ್ತೆ, ಅದಕ್ಕೆ ಹಡಗಲ್ಲಿ ದೂರ ಕಳ್ಸೋಕೆ ಈ ಸ್ಟೋನ್‌ವೇರ್, ಅಂದ್ರೆ ಕಲ್ಲಿನಂಗೆ ಗಟ್ಟಿಯಾಗಿ ಸುಟ್ಟ ಜೇಡಿ, ಸರಿಹೋಗ್ತಿತ್ತು, ಬೆಳಕೂ ಒಳಗೆ ಹೋಗಲ್ಲ.

ಇದೇ ಆರ್ನಾಲ್ಡ್ ಸ್ಟ್ಯಾಂಪಿನ ಬಾಟ್ಲಿ ಅಮೆರಿಕದ ಸಿವಿಲ್ ವಾರ್ ಕ್ಯಾಂಪ್ ಜಾಗಗಳಲ್ಲೂ ಅಗೆದಾಗ ಸಿಗುತ್ತೆ, ಆಸ್ಟ್ರೇಲಿಯಾದಲ್ಲೂ ಸಿಗುತ್ತೆ. ಎಲ್ಲಿ ಗುಮಾಸ್ತರಿದ್ರೋ ಅಲ್ಲೆಲ್ಲ. ಅದೇ ಇದ್ರ ಬೆಲೆಗೆ ಕಲ್ಲು ಹಾಕಿರೋದು, ಲಕ್ಷಗಟ್ಟಲೆ ಮಾಡಿದಾರೆ ಮತ್ತೆ ಗಟ್ಟಿ ಇರೋದ್ರಿಂದ ಬಹಳ ಉಳ್ದಿದಾವೆ. ಇಲ್ಲಿ ಬಾಟಲ್ ಫೇರ್‌ಗಳಲ್ಲಿ ಮಾಮೂಲಿ ಸೈಜು ಹತ್ತು ಪೌಂಡ್ ಆಚೀಚೆ ಕೊಟ್ರೆ ಸಿಗುತ್ತೆ, ಮೂತಿ ಚಿಪ್ಪೆದ್ದಿದ್ರೆ ಅದಕ್ಕೂ ಕಮ್ಮಿ. ಪೇಪರ್ ಲೇಬಲ್ ಉಳ್ದಿದ್ರೆ ಮಾತ್ರ ಕಥೆ ಬೇರೆ, ಆದ್ರೆ ಮಲೆನಾಡಿನ ಮಳೇಲಿ ನೂರು ವರ್ಷ ಕಾಗದ ಎಲ್ಲಿ ಉಳಿಯುತ್ತೆ.

ಎಂಟು ಮೂಲೆಯ ಸಣ್ಣವು ಇಲ್ಲಿ ‘ಪೆನ್ನಿ ಇಂಕ್’ ಅಂತಾರೆ. ಇಂಕು ಸಮೇತ ಒಂದು ಪೆನ್ನಿಗೆ ಮಾರ್‍ತಿದ್ದಿದ್ದು.

ಮಲ್ನಾಡ್_ಹೈದ

ಬಾಯಿ ಫೋಟೋ ಹಾಕಿದೀನಿ. ನೆಟ್ಟಲ್ಲಿ ಓದಿದೆ, ಅಚ್ಚಿನ ಅಂಚುಗೆರೆ ಬಾಯಿ ತುದೀವರೆಗೂ ಹೋಗಿದ್ರೆ ಮೆಷಿನ್ನಲ್ಲಿ ಮಾಡಿದ್ದು, 1903 ಆದ್ಮೇಲಿಂದು ಅಂತ. ನಂದ್ರಲ್ಲಿ ಗೆರೆ ತುದೀವರೆಗೂ ಇದೆ. ಹಂಗಾದ್ರೆ ಇದು ಹೊಸದಾ? ಬಾಯಿ ಬೇರೆ ಮುರಿದಿದೆ, ಬಿಸಾಕೋದಾ?

ಗುಜರಿ_ಗುಂಡಣ್ಣ

ಬಿಸಾಕ್ಬೇಡಿ!! ಆ ಬಾಯಿ ಮುರಿದಿರೋದಲ್ಲ, ಹುಟ್ಟಿದ್ದೇ ಹಂಗೆ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಎಷ್ಟೋ ಜನ ಇಲ್ಲೇ ಎಡವೋದು.

ಮೆಷಿನ್ ಬರೋಕೆ ಮುಂಚೆ ಗಾಜಿನ ಕೆಲಸದೋನು ಕೊಳವೆ ತುದೀಲಿ ಕೆಂಪಗೆ ಕಾದ ಗಾಜು ತಗೊಂಡು ಎರಡು ಭಾಗದ ಅಚ್ಚಿನೊಳಗೆ ಇಟ್ಟು ಊದೋನು. ಅಚ್ಚಿನ ಎರಡು ಭಾಗ ಸೇರೋ ಕಡೆ ಮೈಮೇಲೆ ಗೆರೆ ಬೀಳುತ್ತೆ. ಆಮೇಲೆ ಕೊಳವೆಯಿಂದ ಬಿಡಿಸಿ, ಬಾಯಿಗೆ ಮತ್ತೆ ಬೆಂಕಿ ತೋರ್‍ಸಿ, ಇಕ್ಕಳದಂಥ ಸಾಧನ ಹಾಕಿ ತಿರುಗಿಸಿ ತುಟಿ ಮಾಡ್ತಿದ್ದ. ಹಂಗೆ ತಿರುಗಿಸಿದಾಗ ಬಾಯಿ ಹತ್ರ ಗೆರೆ ಅಳಿಸಿಹೋಗುತ್ತೆ. ಅದಕ್ಕೇ ಗೆರೆ ಕತ್ತಲ್ಲೇ ನಿಂತ್ರೆ ಹಳೇದು ಅನ್ನೋ ಸೂತ್ರ, ಔಷಧಿ ಬಾಟ್ಲಿ ಸಾರಾಯಿ ಬಾಟ್ಲಿಗೆಲ್ಲ ಇದು ಸುಮಾರಾಗಿ ನಡೆಯುತ್ತೆ.

ಆದ್ರೆ ಪೆನ್ನಿ ಇಂಕಿಗೆ ಯಾರು ಅಷ್ಟೆಲ್ಲ ಕಷ್ಟಪಡ್ತಾರೆ? ಕೊಳವೆಯಿಂದ ಪಟ್ ಅಂತ ಮುರಿದುಬಿಡೋದು, ಇಂಕು ತುಂಬಿ ಬಿರಡೆ ಒತ್ತಿ ಮೇಲೆ ಅರಗಿನ ಥರದ್ದು ಹಚ್ಚಿ ಮಾರೋದು. ತುಟಿ ಮಾಡೋ ಕೆಲ್ಸಾನೇ ಇಲ್ಲ. ಹಂಗಾಗಿ ಗೆರೆ ತುದೀವರೆಗೂ ಹೋಗಿರುತ್ತೆ, ಆದ್ರೂ ಅದು ಬಾಯಲ್ಲಿ ಊದಿದ ಬಾಟ್ಲೀನೇ. ಮೆಷಿನ್ ಬಾಟ್ಲಿ ಬಾಯಿ ನುಣ್ಣಗಿರುತ್ತೆ, ತುಟಿ ಕೆಳಗೆ ಅಡ್ಡ ಗೆರೆ ಒಂದು ಸುತ್ತ ಇರುತ್ತೆ, ಎಷ್ಟೋ ಸಲ ಬುಡದಲ್ಲಿ ಗಾಜು ಕತ್ತರಿಸಿದ ಒರಟು ಉಂಗುರದ ಗುರುತು ಕೂಡ. ನಿಮ್ಮದ್ರ ಬಾಯಿ ಬೆರಳಿಗೆ ಚುಚ್ಚೋ ಹಂಗಿದೆ, ಅಡ್ಡ ಗೆರೆ ಇಲ್ಲ, ಫೋಟೋದಲ್ಲಿ ಗಾಜಿನೊಳಗೆ ಗುಳ್ಳೆ ಬೇರೆ ಕಾಣ್ತಿದೆ. 1860–70ರಿಂದ ಮೊದಲ ಮಹಾಯುದ್ಧದ ಆಸುಪಾಸಿನವರೆಗೆ ಎಲ್ಲಿ ಬೇಕಾದ್ರೂ ಇಡ್ಬಹುದು. ಅದಕ್ಕಿಂತ ಕರಾರುವಾಕ್ಕಾಗಿ ಯಾರಾದ್ರೂ ವರ್ಷ ಹೇಳಿದ್ರೆ ನಂಬಬೇಡಿ.

ಹೊಸದಾಗಿ ಮುರಿದಿದ್ದಕ್ಕೂ ಇದಕ್ಕೂ ವ್ಯತ್ಯಾಸ ನೋಡ್ಬೇಕಂದ್ರೆ ಭೂತಗನ್ನಡಿ ಹಿಡೀರಿ. ಮಣ್ಣಲ್ಲಿದ್ದ ಹಳೇ ಅಂಚಿಗೂ ಮೈಗೂ ಒಂದೇ ಥರ ಮಂಕು ಬಂದಿರುತ್ತೆ. ಹೊಸ ಮುರುಕು ಮಿರಮಿರ ಹೊಳೆಯುತ್ತೆ.

ಭುಜದ ಮೇಲೆ ಅಡ್ಡಡ್ಡ ಕಾಲುವೆ ಥರ ಇದ್ಯಾ ನೋಡಿ, ಅದು ಬರೆದಾದ್ಮೇಲೆ ಪೆನ್ನು ಒರಗಿಸೋಕೆ. ಅದಿದ್ರೆ ಸ್ವಲ್ಪ ಹೆಚ್ಚು ಕೇಳ್ಬಹುದು.

ಧಾರವಾಡದ_ಮಾಸ್ತರ

ಭಾಳ ಛಲೋ ಹೇಳಿದ್ರಿ ಗುಂಡಣ್ಣಾವ್ರ. ನಮ್ಮ ಮುತ್ಯಾ ಕುಲಕರ್ಣಿಕಿ ಮಾಡ್ತಿದ್ರು, ಅವರ ಕಾಲಕ್ಕ ಇಂಗ್ಲೆಂಡ್ ಇಂಕು ಕಚೇರಿಗಷ್ಟ ಬರ್ತಿತ್ತು, ಹಳ್ಯಾಗಿನ ದಫ್ತರಕ್ಕ ಮನ್ಯಾಗ ಮಾಡಿದ ಶಾಯಿನ. ಅಳಲೆಕಾಯಿ ಕುಟ್ಟಿ ನೀರಾಗ ನೆನಸಿ ಕುದಿಸಿ ಸೋಸಿ, ಅದಕ್ಕ ಅನ್ನಭೇದಿ (ಕಬ್ಬಿಣದ ಉಪ್ಪು) ಹಾಕಿದ್ರ ಕರ್‍ರಗ ಆಗತದ. ಇಂಗ್ಲಿಷರ ಇಂಕೂ ಬ್ಯಾರೆ ಏನಲ್ಲರಿ, ಅಳಲೆಕಾಯಿ ಬದಲಿ ಮಾಚಿಕಾಯಿ, ಅನ್ನಭೇದಿ ಅದ. ಒಗರಿಗೆ ಕಬ್ಬಿಣ ಕೂಡಿದ್ರ ಕಪ್ಪು.

ನಾವು ಸಾಲಿಗೆ ಹೋಗುವಾಗ ಟಾಕು ಅದ್ದಿ ಬರಿಯೂದು, ನೀರಾಗ ಕರಗಸೂ ಇಂಕಿನ ಗುಳಿಗಿ ಅಂಗಡ್ಯಾಗ ಸಿಗ್ತಿದ್ವು. ಕ್ಯಾಮ್ಲಿನ್‌ನವರು 1931ರಾಗ ಶುರು ಮಾಡಿದ್ದೂ ಇಂಕಿನ ಪುಡಿ, ಗುಳಿಗಿ ಮಾಡೂದರಿಂದನ. ಪುಡಿ ತಂದು ಮನ್ಯಾಗ ಕಲಸೂರಿಗೆ ಬಾಟ್ಲಿ ಯಾತಕ್ಕ ಬೇಕು? ಹಿಂಗಾಗಿ ನಮ್ಮ ಹಳ್ಳಿ ತಿಪ್ಪ್ಯಾಗ ಎಷ್ಟ ಕೆದರಿದ್ರೂ ಇಂಥಾವು ಸಿಗಂಗಿಲ್ಲ, ದೊರೆಗೋಳು ಇದ್ದಲ್ಲೆ ಸಿಗತಾವ. ಕೆಜಿಎಫ್ ಕಡೆ, ದಂಡಿನ ಪ್ರದೇಶದಾಗ, ನಿಮ್ಮ ಕಾಫಿ ಸೀಮ್ಯಾಗ.

ತಮ್ಮಾ, ಆ ಕಂದು ಬಾಟ್ಲಿ ಒಳಗ ಒಣಗಿದ ಕರೀ ಹೊಟ್ಟು ಇದ್ರ ತೊಳಿಬ್ಯಾಡ. ಅದು ಇಂಕಿನ ಬಾಟ್ಲಿ ಅನ್ನೂದಕ್ಕ ಅದ ಸಾಕ್ಷಿ.

ಜೆರ್ಸಿ_ಗೌಡ

ಅಮೆರಿಕದಿಂದ ಎರಡು ಮಾತು. ಇಲ್ಲಿ ಇಂಕ್ ಬಾಟ್ಲಿ ಸಂಗ್ರಹದ ಹುಚ್ಚು ಬಹಳ. ಹಳೇ ಮನೆಗಳ ಹಿಂದಿನ ಪಾಯಖಾನೆ ಗುಂಡೀನೇ ಹುಡುಕ್ಕೊಂಡು ಅಗೀತಾರೆ. ಬೆಲೆ ಬರೋದು ಬಣ್ಣಕ್ಕೆ ಮತ್ತೆ ಬುಡಕ್ಕೆ. ಊದಿ ಆದ್ಮೇಲೆ ಬಾಯಿ ತಿದ್ದೋವಾಗ ಹಿಡ್ಕೊಳೋಕೆ ಬುಡಕ್ಕೆ ಅಂಟಿಸಿದ್ದ ಕಬ್ಬಿಣದ ಕೋಲು ಮುರಿದ ಒರಟು ಗುರುತು ಇದ್ರೆ ಅದು ಬಹುಪಾಲು 1860ಕ್ಕಿಂತ ಹಿಂದಿಂದು. ಕೊಡೆ ಆಕಾರದ ‘ಅಂಬ್ರೆಲಾ ಇಂಕ್’ ತಿಳಿ ನೀಲಿಹಸಿರಲ್ಲಿ ಇದ್ರೆ ಸಾಧಾರಣ ಬೆಲೆ, ಅದೇ ಆಕಾರ ಕಡು ನೀಲೀಲಿ, ಬುಡದಲ್ಲಿ ಆ ಗುರುತೂ ಇದ್ರೆ ಸಾವಿರಾರು ಡಾಲರ್. ಅಚ್ಚು ಒಂದೇ, ಬಣ್ಣ ಮಾತ್ರ ಬೇರೆ.

ಇನ್ನೊಂದು ಎಚ್ಚರಿಕೆ. ನೇರಳೆ ಬಣ್ಣದ ಹಳೇ ಬಾಟ್ಲಿ ಅಂತ ಆನ್‌ಲೈನಲ್ಲಿ ಮಾರ್‍ತಾರೆ. ಗಾಜು ಬೆಳ್ಳಗಾಗ್ಲಿ ಅಂತ ಆಗ ಮ್ಯಾಂಗನೀಸ್ ಹಾಕ್ತಿದ್ರು, ವರ್ಷಗಟ್ಟಲೆ ಬಿಸಿಲು ಬಿದ್ರೆ ಅದು ತಿಳಿ ನೇರಳೆಗೆ ತಿರುಗುತ್ತೆ. ಈಗ ಮಾಮೂಲಿ ಬಾಟ್ಲಿಗೆ ವಿಕಿರಣ ಕೊಟ್ಟು ನೇರಳೆಹಣ್ಣಿನ ಬಣ್ಣ ಬರಿಸಿ ಮಾರೋರು ಇದಾರೆ. ಬಣ್ಣ ತೀರಾ ಗಾಢ ಇದ್ರೆ ಕೈ ಹಾಕ್ಬೇಡಿ.

ಮಲ್ನಾಡ್_ಹೈದ

ಕಡು ನೀಲಿಗೆ ಸಾವಿರಾರು ಡಾಲರ್ ಅಂದ್ರಾ! ನಂದೂ ಕಡು ನೀಲಿ ಅಲ್ವಾ ಅಣ್ಣ?

ಡರ್ಬಿ_ಕನ್ನಡಿಗ

ಸಮಾಧಾನ ಸಮಾಧಾನ. ನಿಮ್ಮ ನೀಲಿ ಬಾಟ್ಲಿ ಫೋಟೋ ದೊಡ್ಡದು ಮಾಡಿ ನೋಡಿ, ಒಂದು ಮುಖದ ಮೇಲೆ ಉದ್ದಕ್ಕೆ ಮಸುಕಾಗಿ ಅಕ್ಷರ ಇದೆ, ‘ನಾಟ್ ಟು ಬಿ ಟೇಕನ್’. ಇದು ಇಂಕಿಂದಲ್ಲ, ವಿಷದ ಬಾಟ್ಲಿ. ರಾತ್ರಿ ದೀಪ ಇಲ್ದೆ ಕೈಗೆ ಸಿಕ್ರೂ ಬೆರಳಿಗೇ ಗೊತ್ತಾಗ್ಲಿ ಅಂತ ಆ ಉಬ್ಬು ಗೆರೆ, ಆರು ಮೂಲೆ. ಇದೂ ಇಲ್ಲಿ ರಾಶಿ ಸಿಗುತ್ತೆ. ಚೆಂದ ಇರೋದ್ರಿಂದ ಕಿಟಕಿಯಲ್ಲಿಡೋಕೆ ಕೊಳ್ತಾರೆ, ಆದ್ರೆ ಮನೆ ಕಟ್ಟೋ ದುಡ್ಡೇನೂ ಬರಲ್ಲ. ಒಳಗೆ ಏನಾದ್ರೂ ಉಳ್ದಿದ್ರೆ ಮೂಸಬೇಡಿ, ಕೈಗೆ ಗ್ಲೌಸ್ ಹಾಕ್ಕೊಳ್ಳಿ, ಮಕ್ಕಳ ಕೈಗೆ ಸಿಗೋ ಕಡೆ ಇಡಬೇಡಿ.

ಇಂಗ್ಲಿಷ್ ಇಂಕಲ್ಲಿ ನಿಜವಾಗ್ಲೂ ದುಡ್ಡು ಬರೋದು ಬಾಗಿಲು ಕಿಟಕಿ ಸಮೇತ ಪುಟ್ಟ ಮನೆ ಆಕಾರದಲ್ಲಿ ಮಾಡಿದ ‘ಕಾಟೇಜ್ ಇಂಕ್’ಗಳಿಗೆ, ಅಥವಾ ಮಾಮೂಲಿ ಆಕಾರವೇ ಅಪರೂಪದ ಬಣ್ಣದಲ್ಲಿ ಬಂದಿದ್ರೆ. ಆಕಾರ, ಬಣ್ಣ, ಉಬ್ಬಕ್ಷರ, ಚಿಪ್ಪೇಳದ ಮೈ, ಈ ನಾಲ್ಕೂ ಕೂಡಿ ಬರ್‍ಬೇಕು. ವಯಸ್ಸು ಅಂತ ಒಂದನ್ನೇ ಹಿಡ್ಕೊಂಡ್ರೆ ಏನೂ ಸಿಗಲ್ಲ.

ಪೇಟೆ_ಪಾಪಣ್ಣ

18,000 ಅಂತ ಹಾಕಿದಾನೆ ಅಂದ್ರಲ್ಲ, ನಾನೂ ನಾಳೆ ನಮ್ಮನೆ ಒರಳುಕಲ್ಲಿಗೆ ಎಂಟು ಲಕ್ಷ ಹಾಕ್ತೀನಿ, ಹಾಕೋಕೇನು. ಕೇಳೋ ರೇಟು ಬೇರೆ, ಆಗೋ ವ್ಯಾಪಾರ ಬೇರೆ. ಮಾರಾಟ ಆಗಿರೋ ಪಟ್ಟಿ ನೋಡೋ ಆಯ್ಕೆ ಇರೋ ಸೈಟಲ್ಲಿ ಅದನ್ನ ಒತ್ತಿ ನೋಡಿ, ಆಗ ಬಣ್ಣ ಬಯಲಾಗುತ್ತೆ. ಬೆಂಗಳೂರು ಸಂಡೆ ಬಜಾರಲ್ಲಿ ಇಂಥ ಕಂದು ಬಾಟ್ಲಿ ನಾನೇ ಕೊಟ್ಟಿದೀನಿ, ಗಿರಾಕಿ ಮುಖ ನೋಡಿ ಏಳ್ನೂರೂ ಹೇಳಿದೀನಿ ಸಾವಿರದೈನೂರೂ ಹೇಳಿದೀನಿ, ಹೋಟೆಲ್ ಅಲಂಕಾರಕ್ಕೆ ತಗೊಳ್ಳೋರು ಕೊಡ್ತಾರೆ. ಪೆನ್ನಿ ಇಂಕು ಜೋಡಿಗೆ ಐನೂರು ಸಿಕ್ರೆ ಪುಣ್ಯ.

ಮುಖ್ಯವಾಗಿ ಯಾರಾದ್ರೂ ಫೋನ್ ಮಾಡಿ ‘ವಿದೇಶಿ ಪಾರ್ಟಿ ಇದೆ ಕೋಟಿ ಕೊಡ್ತಾರೆ ಮೊದ್ಲು ಟೆಸ್ಟಿಂಗ್ ಫೀಸು ಕಟ್ಟಿ’ ಅಂದ್ರೆ ಫೋನ್ ಇಟ್ಬಿಡಿ. ಅಕ್ಕಿ ಎಳೆಯೋ ಶಕ್ತಿ ಇದೆ ಅಂತ ‘ರೈಸ್ ಪುಲ್ಲರ್’ ಚೊಂಬು ತೋರ್‍ಸಿ ಮೋಸ ಮಾಡೋ ಗಿರಾಕಿಗಳೇ ಈಗ ಬಾಟ್ಲಿಗೂ ಬಂದಿದಾರೆ.

ಲಾಯರ್_ಲೋಕಿ

ಡರ್ಬಿಯವರಿಗೆ ಕೊರಿಯರ್ ಮಾಡೋಣ ಅಂತ ಯೋಚ್ನೆ ಬಂದಿದ್ರೆ ತಡೀರಿ. 1972ರ ಪುರಾತನ ವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ, ಐತಿಹಾಸಿಕ ಆಸಕ್ತಿಯ ಕುಶಲ ವಸ್ತುಗಳೆಲ್ಲ ‘ಪುರಾತನ ವಸ್ತು’ ವ್ಯಾಖ್ಯೆಯೊಳಗೆ ಬರ್‍ಬಹುದು, ಅಂಥದ್ದನ್ನ ಖಾಸಗಿಯವರು ದೇಶದ ಹೊರಗೆ ಕಳ್ಸೋ ಹಾಗಿಲ್ಲ. ಬಾಟ್ಲಿ ಅದ್ರಲ್ಲಿ ಬರಲ್ಲ ಅಂತ ನೀವಾಗೇ ತೀರ್ಮಾನ ಮಾಡ್ಬೇಡಿ, ಪುರಾತತ್ವ ಇಲಾಖೆಯಿಂದ ‘ಇದು ಪುರಾತನ ವಸ್ತು ಅಲ್ಲ’ ಅನ್ನೋ ಸರ್ಟಿಫಿಕೇಟ್ ತಗೊಂಡೇ ಕಳ್ಸೋದು ಕ್ರಮ. ಹತ್ತು ಪೌಂಡಿನ ಬಾಟ್ಲಿಗೆ ಇಷ್ಟು ಓಡಾಟ ಯಾರಿಗೆ ಬೇಕು ಸ್ವಾಮಿ.

ಅಗೆಯೋದು ನಿಮ್ಮದೇ ಜಮೀನಾದ್ರೂ ನಾಣ್ಯ, ಚಿನ್ನ, ವಿಗ್ರಹ ಅಂತ ಏನಾದ್ರೂ ಸಿಕ್ರೆ ಅಲ್ಲಿಗೇ ನಿಲ್ಸಿ ತಹಶೀಲ್ದಾರರಿಗೆ ತಿಳ್ಸಿ. ನಿಧಿಗೆ ಬೇರೆ ಕಾನೂನಿದೆ. ಮತ್ತೆ ಊರಲ್ಲಿ ‘ಅವ್ರ ತೋಟದಲ್ಲಿ ಏನೋ ಸಿಕ್ತಂತೆ’ ಅಂತ ಸುದ್ದಿ ಹಬ್ಬೋಕೆ ಮುಂಚೆ ನಾಲ್ಕು ಜನಕ್ಕೆ ಬಾಟ್ಲಿ ತೋರ್‍ಸಿಬಿಡೋದು ವಾಸಿ, ಇಲ್ಲಾಂದ್ರೆ ರಾತ್ರಿ ಹೊತ್ತು ಬೇರೆಯೋರು ಬಂದು ಅಗೀತಾರೆ.

ತೋಟದ_ಅಕ್ಕ

ಸುದ್ದಿ ಆಗ್ಲೇ ಹಬ್ಬಿರುತ್ತೆ ಬಿಡಿ, ಜೇಸಿಬಿ ಡ್ರೈವರ್ ಇದ್ದ ಮೇಲೆ 😀

ತಮ್ಮ, ತೊಳೆಯೋದ್ರ ಬಗ್ಗೆ ಯಾರೂ ಹೇಳ್ಲಿಲ್ಲ. ನಮ್ಮ ಮೂಡಿಗೆರೆ ಮನೇಲೂ ಇಂಥವು ಇದಾವೆ. ಒದ್ದೆ ಮಣ್ಣಿಂದ ತೆಗೆದ ಗಾಜನ್ನ ಸೀದಾ ಬಿಸಿಲಿಗೆ ಇಡಬೇಡ, ಬಿಸಿನೀರೂ ಹಾಕ್ಬೇಡ, ಚಟ್ ಅಂತ ಸೀಳುತ್ತೆ. ನೆರಳಲ್ಲಿ ಬಕೆಟ್ ತಣ್ಣೀರಲ್ಲಿ ಒಂದೆರಡು ದಿನ ನೆನೆಸಿ ಮೆತ್ತನೆ ಬ್ರಷ್ಷಲ್ಲಿ ಉಜ್ಜು, ಸಾಕು. ಆಸಿಡ್ ಗೀಸಿಡ್ ಬೇಡ್ವೇ ಬೇಡ. ಗಾಜಿನ ಮೇಲೆ ಕಾಮನಬಿಲ್ಲಿನ ಬಣ್ಣ ಕಂಡ್ರೆ ಅದು ಕೊಳೆ ಅಲ್ಲ, ಮಣ್ಣಿನ ತೇವಕ್ಕೆ ಗಾಜೇ ಪದರ ಪದರ ಏಳ್ತಿರೋದು, ಉಜ್ಜೋಕೆ ಹೋಗ್ಬೇಡ.

ಗುಂಡಿಗೆ ಇಳಿಯೋವಾಗ ಗಮ್‌ಬೂಟು, ದಪ್ಪ ಗ್ಲೌಸು. ಗಾಜಿನ ಚೂರಲ್ಲಿ ಕೈ ಕುಯ್ಕೊಂಡು ಆ ಗಾಯಕ್ಕೆ ಇಲಿ ಉಚ್ಚೆ ಬಿದ್ದ ನೀರು ತಾಗಿದ್ರೆ ಇಲಿಜ್ವರ, ಮಳೆಗಾಲದಲ್ಲಿ ನಮ್ಮ ಕಡೆ ಹೊಸದೇನಲ್ಲ. ಬದಿ ಕೊರೆದು ಒಳಗೆ ಕೈ ಹಾಕಿ ಎಳೆಯೋದು ಬೇಡ, ಬೂದಿ ಮಣ್ಣು ಹಿಡ್ಕೊಳಲ್ಲ, ಮೇಲಿಂದ ಕುಸಿಯುತ್ತೆ. ಹಾವಂತೂ ಇದ್ದೇ ಇರುತ್ತೆ.

ಮಲ್ನಾಡ್_ಹೈದ

ಎಲ್ರಿಗೂ ಥ್ಯಾಂಕ್ಸ್. ಲಕ್ಷದ ಆಸೆ ಹೋಯ್ತು, ಪರ್‍ವಾಗಿಲ್ಲ. ಮಾರಲ್ಲ, ಹೋಮ್‌ಸ್ಟೇ ಹಾಲಲ್ಲಿ ಇಡ್ತೀನಿ. ಕಂದು ಬಾಟ್ಲಿ ಒಳಗೆ ಟಾರ್ಚ್ ಬಿಟ್ಟು ನೋಡ್ದೆ, ಮಾಸ್ತರ್ರು ಹೇಳಿದಂಗೆ ತಳದಲ್ಲಿ ಕಪ್ಪಗೆ ಬಿರುಕುಬಿಟ್ಟ ಹೊಟ್ಟು ಇದೆ, ಹಂಗೇ ಬಿಟ್ಟಿದೀನಿ. ಹೊರಗೆ ಮೈಯೆಲ್ಲ ಕಿತ್ತಳೆ ಸಿಪ್ಪೆ ಥರ ಸಣ್ಣ ಸಣ್ಣ ಗುಳಿ, ಸುಟ್ಟಿದ್ದು ಸರಿ ಆಗಿಲ್ವೇನೋ?

ಆ ಕ್ವಿಂಕ್ ಬಾಟ್ಲಿ ಬಗ್ಗೆ ಯಾರೂ ಏನೂ ಹೇಳ್ಲಿಲ್ಲ.

ಗುಜರಿ_ಗುಂಡಣ್ಣ

ಸರಿಯಾಗೇ ಸುಟ್ಟಿದಾರೆ. ಗೂಡು ಕಾದು ಕೆಂಡ ಆಗಿರೋವಾಗ ಉಪ್ಪು ಎರಚ್ತಿದ್ರು, ಅದು ಹಬೆಯಾಗಿ ಮಣ್ಣಿನ ಮೇಲೆ ಗಾಜಿನ ಪೊರೆ ಕಟ್ಟುತ್ತೆ, ಆ ಗುಳಿ ಬರೋದು ಅದ್ರಿಂದ.

ಕ್ವಿಂಕ್ ಪಾರ್ಕರ್ ಕಂಪನಿಯದು, 1931ರಲ್ಲಿ ಬಂತು, ಪೌಂಟನ್ ಪೆನ್ನಿನ ಇಂಕು. ದುಡ್ಡಿಗೆ ಲೆಕ್ಕಕ್ಕಿಲ್ಲ, ನಮ್ಮ ಬೆಂಗಳೂರಿನ ಚೆಲ್‌ಪಾರ್ಕ್, ಬ್ರಿಲ್ ಬಾಟ್ಲಿಗಳಷ್ಟೇ. ಆದ್ರೆ ನನಗೆ ಐದರಲ್ಲಿ ಅದೇ ಕುತೂಹಲ. ಗೋಲಿ ಸೋಡಾ ಚೂರು, ಪೆನ್ನಿ ಇಂಕು ಒಂದು ಕಡೆ, 1931 ಆದ್ಮೇಲಿನ ಕ್ವಿಂಕ್ ಇನ್ನೊಂದು ಕಡೆ, ಅಂದ್ರೆ ಒಂದೇ ಗುಂಡಿಗೆ ಎರಡು ಮೂರು ತಲೆಮಾರಿನ ದೊರೆಗಳು ಕಸ ಸುರಿದಿದಾರೆ. ಕ್ವಿಂಕ್ ಮೇಲಿನ ಪದರದಲ್ಲಿತ್ತಾ ಅಡೀಲಿತ್ತಾ? ಮೇಲೇ ಇದ್ದಿದ್ರೆ, ಜೇಸಿಬಿ ಮುಟ್ಟದೆ ಇರೋ ಕೆಳಗಿನ ಪದರದಲ್ಲಿ ಇನ್ನೂ ಹಳೇದು ಇರುತ್ತೆ.

ಮಲ್ನಾಡ್_ಹೈದ

ಮೇಲೇ ಇತ್ತು ಅಣ್ಣ, ಮೊದಲ ಬಕೆಟ್ ಮಣ್ಣಲ್ಲೇ ಬಂತು. ಹಳ್ಳದ ಕಡೆ ಗೋಡೇಲಿ ಇನ್ನೂ ಒಂದಾಳುದ್ದ ಬೂದಿ ಪದರ ಕಾಣ್ತಿದೆ. ಮಳೆ ನಿಂತ್ಮೇಲೆ ಕೈಗುದ್ಲೀಲೇ ಮೇಲಿಂದ ಪದರ ಪದರ ಬಿಡಿಸ್ತೀನಿ, ಯಾವ ಪದರದಲ್ಲಿ ಯಾವ್ದು ಅಂತ ಬೇರೆ ಬೇರೆ ಕ್ರೇಟಲ್ಲಿ ಇಟ್ಟು ಫೋಟೋ ಹಾಕ್ತೀನಿ.

ತೋಟದ_ಅಕ್ಕ

ಗಮ್‌ಬೂಟು.